ಕಲ್ಲಿನಿಂದ ಸೀಸಕ್ಕೆ: 'ಮಂಗಳೂರು ಸಮಾಚಾರ'ದ ಬೆನ್ನು ಹತ್ತಿ ಐದು ದಿನ

ಜೂನ್ 30, ಮಂಗಳೂರು

ಹುಬ್ಬಳ್ಳಿಯಿಂದ ರಾತ್ರಿ ಬಿಟ್ಟ ಬಸ್ಸು ಬೆಳಿಗ್ಗೆ ಬಿಜೈ ನಿಲ್ದಾಣ ಮುಟ್ಟಿದಾಗ ಮಳೆ ಕೊಡ ಬಗ್ಗಿಸಿ ಸುರಿದಂತೆ ಸುರಿಯುತ್ತಿತ್ತು. ಗದಗಿನಲ್ಲಿ ನಾನು ಮನೆ ಬಿಡುವಾಗ ಹೆಸರು ಬಿತ್ತಿದವರು ಮೋಡ ನೋಡುತ್ತ ಕೂತಿದ್ದರು. ಇಲ್ಲಿ ನೋಡಿದರೆ ಗೋಡೆ, ಮರ, ರಸ್ತೆಯ ಕಟ್ಟೆ ಎಲ್ಲದಕ್ಕೂ ಪಾಚಿ ಹತ್ತಿ ಊರೇ ಹಸಿರಾಗಿದೆ. ಚೀಲದೊಳಗಿನ ಕಾಗದ ನೆನೆಯದಿದ್ದರೆ ಸಾಕು ಎಂದು ಅದನ್ನು ಎದೆಗವಚಿಕೊಂಡು ರಿಕ್ಷಾ ಹತ್ತಿದೆ.

ಈ ಪ್ರವಾಸ ಯಾಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಗದಗಿನ ಪ್ರೆಸ್ಸುಗಳಲ್ಲಿ ಆಯುಷ್ಯವೆಲ್ಲ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಿದವರು. ಪಂಚಾಂಗ, ಪುರಾಣ, ಲಗ್ನಪತ್ರಿಕೆ, ಕಂಪನಿ ನಾಟಕದ ಹ್ಯಾಂಡ್‌ಬಿಲ್ಲು, ಎಲ್ಲವೂ ಅವರ ಬೆರಳ ಸಂದಿಯಿಂದ ಹಾದು ಹೋಗಿವೆ. ಶಾಲೆ ಬಿಟ್ಟ ಮೇಲೆ ನಾನು ಪ್ರೆಸ್ಸಿಗೇ ಹೋಗಿ ಅವರ ಪಕ್ಕ ಸ್ಟೂಲಿನ ಮೇಲೆ ಕೂತು ಕರಡು ಓದುತ್ತಿದ್ದೆ. ಮುಂದೆ ಕರಡು ತಿದ್ದುವುದೇ ನನ್ನ ಹೊಟ್ಟೆಪಾಡೂ ಆಯಿತು. ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತಾರೆ. 1843ರ ಆ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಘದ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರತಂದರು ಎಂದು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಮುಂದಿನ ಸಂಗತಿಯನ್ನು ಹೇಳುವವರು ಕಡಿಮೆ. ಎಂಟು ತಿಂಗಳೊಳಗೆ ಆ ಪತ್ರಿಕೆ ಮಂಗಳೂರು ಬಿಟ್ಟು, ಘಟ್ಟ ಹತ್ತಿ, ಮೈಸೂರು ಸೀಮೆ ದಾಟಿ ಬಳ್ಳಾರಿಗೆ ಹೋಯಿತು. ಅಲ್ಲಿ ಅದರ ಹೆಸರೂ ಬದಲಾಗಿ 'ಕನ್ನಡ ಸಮಾಚಾರ' ಎಂದಾಯಿತು. ಒಂದು ಪತ್ರಿಕೆ ಹುಟ್ಟಿದೂರಿನ ಹೆಸರು ಕಳಚಿಟ್ಟು ಭಾಷೆಯ ಹೆಸರು ಇಟ್ಟುಕೊಳ್ಳುವುದೆಂದರೆ ನನಗೆ ಅದು ಸಣ್ಣ ವಿಷಯ ಅನ್ನಿಸಲಿಲ್ಲ. ಆ ದಾರಿಯನ್ನು ನಾನೂ ಒಮ್ಮೆ ಹೋಗಿ ನೋಡಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಬಾವುಟಗುಡ್ಡೆ ಹತ್ತಿದೆ. ಮೇಲೆ ನಿಂತರೆ ಹೆಂಚಿನ ಮಾಡುಗಳು, ತೆಂಗಿನ ತಲೆಗಳು, ಅವುಗಳಾಚೆ ಬೂದಿ ಬಣ್ಣದ ಕಡಲು. 1837ರ ಏಪ್ರಿಲ್‌ನಲ್ಲಿ ಸುಳ್ಯ, ಪುತ್ತೂರಿನ ಕಡೆಯಿಂದ ದಂಡು ಕಟ್ಟಿಕೊಂಡು ಬಂದ ರೈತರು ಕಂಪನಿ ಸರಕಾರವನ್ನು ಓಡಿಸಿ ಇಲ್ಲಿ ತಮ್ಮ ಬಾವುಟ ಹಾರಿಸಿದ್ದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಇಲ್ಲಿನ ಹಿರಿಯರು ಅದನ್ನು ಇಂದಿಗೂ ದಂಡಿನ ಮುಂದಾಳಿನ ಹೆಸರು ಹಿಡಿದು ಕಲ್ಯಾಣಪ್ಪನ ಕಾಟಕಾಯಿ ಎನ್ನುತ್ತಾರೆ. ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ, ಅಂದರೆ ಊರು ತಲೆಕೆಳಗಾಗುವುದಕ್ಕೆ ಸ್ವಲ್ಪ ಮೊದಲು. ದಂಡು ಬಂತಂತೆ, ಹೋಯಿತಂತೆ, ಅವರನ್ನು ಕೊಂದರಂತೆ, ಇವರು ಓಡಿಹೋದರಂತೆ ಎಂಬ 'ಅಂತೆ'ಗಳ ನಡುವೆ ಒಂದು ಊರು ಹೇಗೆ ಬೇಯುತ್ತದೆ ಎಂಬುದು ಆ ತಲೆಮಾರಿನವರಿಗೆಲ್ಲ ಗೊತ್ತಿತ್ತು. ಆರು ವರ್ಷದ ಮೇಲೆ ಬಂದ ಪತ್ರಿಕೆ ಜಗಳಕ್ಕೆ ನಿಂತದ್ದು ಆ 'ಅಂತೆ'ಯ ಜೊತೆಗೇ.

ಜುಲೈ 1, ಬಲ್ಮಠ

ಬೆಳಿಗ್ಗೆ ಪತ್ರಿಕಾ ದಿನದ ಒಂದು ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಎಲ್ಲ ನಡೆಯಿತು. ನನ್ನ ಮನಸ್ಸು ಬಲ್ಮಠದ ಗುಡ್ಡದ ಮೇಲಿತ್ತು.

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರು ಮುಟ್ಟಿದ್ದು 1834ರ ಅಕ್ಟೋಬರ್ ಕೊನೆಯಲ್ಲಿ. ಏಳು ವರ್ಷದ ಮೇಲೆ, 1841ರಲ್ಲಿ, ಬೊಂಬಾಯಿಯಿಂದ ಕಲ್ಲಚ್ಚಿನ ಯಂತ್ರ ತರಿಸಿ ಅಚ್ಚುಕೂಟ ಶುರು ಮಾಡಿದರು. ಆಗ ಬಂದದ್ದು ಸೀಸದ ಮೊಳೆಗಳಲ್ಲ, ಕಲ್ಲು ಎಂಬುದನ್ನು ಮರೆಯಬಾರದು. ಮಂಗಳೂರಿನ ಈ ಅಚ್ಚುಕೂಟಕ್ಕೆ ಮೊಳೆಗಳು ಬಂದದ್ದು ಮತ್ತೆ ಹತ್ತು ವರ್ಷದ ಮೇಲೆ. 1894ರಲ್ಲಿ ಕಿಟೆಲ್ಲರ ನಿಘಂಟು ಅಚ್ಚಾಗುವ ಹೊತ್ತಿಗೆ ಇಲ್ಲಿ ದಕ್ಷಿಣ ಭಾರತಕ್ಕೇ ಹೆಸರಾದ ಮೊಳೆ ಸಾಲೆ ಇತ್ತು. ಆದರೆ ಮೊದಲ ಪತ್ರಿಕೆಯ ಕಾಲಕ್ಕೆ ಇದ್ದದ್ದು ಕಲ್ಲು, ಮಸಿ ಮತ್ತು ಒಬ್ಬರ ಕೈಬರಹ, ಅಷ್ಟೇ.

ಗುಡ್ಡದ ಮೇಲಿನ ದೇವಶಾಸ್ತ್ರದ ಕಾಲೇಜಿನಲ್ಲಿ ಹಳೆಯ ದಾಖಲೆಗಳ ಸಂಗ್ರಹ ಇದೆ. ಮೊದಲೇ ಪತ್ರ ಬರೆದು ಅನುಮತಿ ಕೇಳಿದ್ದೆ. ಒಳಗೆ ಹೋದೊಡನೆ ಅಲ್ಲಿನವರು ನನ್ನ ಒದ್ದೆ ಕೈ ನೋಡಿ ಒಂದು ಟವೆಲು ಕೊಟ್ಟರು.

"ಕೈ ಪೂರ್ತಿ ಒಣಗಲಿ ಮೇಡಂ, ಆಮೇಲೆ ಮುಟ್ಟುವ, ಆಯ್ತಾ? ಇಲ್ಲಿ ಮಳೆಗಾಲದಲ್ಲಿ ಕಾಗದಕ್ಕೆ ನಾವೇ ವೈರಿಗಳು."

ಅವರು ತಂದಿಟ್ಟದ್ದು ಪತ್ರಿಕೆಯ ಪುಟಗಳ ನೆರಳಚ್ಚು. ನಾಲ್ಕು ಪುಟದ ಪತ್ರಿಕೆ, ಹದಿನೈದು ದಿನಕ್ಕೊಂದು ಸಂಚಿಕೆ, ಕ್ರಯ ಒಂದು ದುಡ್ಡು. ದುಡ್ಡು ಅಂದರೆ ಆಗ ಒಂದು ತಾಮ್ರದ ನಾಣ್ಯ. ಆ ನಾಣ್ಯ ಹೋಗಿ ಶತಮಾನವೇ ಆಯಿತು, ಹೆಸರು ಮಾತ್ರ ಹಣಕ್ಕೆಲ್ಲ ಅಂಟಿಕೊಂಡು ಉಳಿಯಿತು. ನಮ್ಮ ಕಡೆ ರೊಕ್ಕ ಅನ್ನುವುದರಿಂದಲೋ ಏನೋ, ಆ ಪದವನ್ನು ನಾಣ್ಯವಾಗಿ ನೋಡಿದಾಗ ನನಗೆ ಹೊಸದೆನ್ನಿಸಿತು.

ಮೊದಲ ಸಂಚಿಕೆಯ ಮೊದಲ ಬರಹದಲ್ಲಿ ಪತ್ರಿಕೆ ಯಾಕೆ ಬೇಕು ಎಂದು ವಿವರಿಸಿದ್ದಾರೆ. ಅದರ ಸಾರವನ್ನಷ್ಟೇ ನನ್ನ ಮಾತಿನಲ್ಲಿ ಹೇಳುತ್ತೇನೆ: ಈ ದೇಶದವರಿಗೆ ಕಥೆ ಕೇಳುವ, ವರ್ತಮಾನ ಕೇಳುವ ಆಸೆ ಬಹಳ, ಆದರೆ ಬಾಯಿಂದ ಬಾಯಿಗೆ ಹೋಗುವ ಮಾತಿನಲ್ಲಿ ನಿಜ ಸಿಗುವುದು ಅಪರೂಪ, ಅದಕ್ಕಾಗಿ ನಿಜವಾದ ಸುದ್ದಿಯನ್ನು ಅಚ್ಚು ಹಾಕಿ ಕೊಡುತ್ತೇವೆ. ನನಗೆ ಹಿಡಿಸಿದ್ದು ಇಲ್ಲಿಯ ಧಾಟಿ. ಜನರಿಗೆ ಏನೂ ಗೊತ್ತಿಲ್ಲ ಎಂದು ಬರೆದಿಲ್ಲ. ಕೇಳುವ ಆಸೆ ಇದೆ, ಒಳ್ಳೆಯ ಸುದ್ದಿ ಸಿಗುತ್ತಿಲ್ಲ ಎಂದಿದ್ದಾರೆ. ನಾವು ಇಂದಿಗೂ ದಾರಿಯಲ್ಲಿ ಸಿಕ್ಕವರನ್ನು 'ಏನು ಸಮಾಚಾರ?' ಎಂದೇ ಮಾತಾಡಿಸುತ್ತೇವಲ್ಲ, ಆ ಆಸೆಯನ್ನೇ ಅವರು ಗುರುತಿಸಿ ಹೆಸರಿಗೆ ಇಟ್ಟುಕೊಂಡರು.

ಒಳಗಿನ ವಿಂಗಡಣೆಯೂ ಇದಕ್ಕೆ ತಕ್ಕ ಹಾಗಿದೆ. ಊರ ವರ್ತಮಾನ, ಸರಕಾರದ ನಿರೂಪಗಳು, ಬೇರೆ ಬೇರೆ ರಾಜ್ಯಗಳ ವರ್ತಮಾನ, ಕಥೆಗಳು, ಪುರಂದರದಾಸರ ಪದಗಳು. ಒಬ್ಬ ಪಾದ್ರಿ ಹೊರಡಿಸುವ ಪತ್ರಿಕೆಯಲ್ಲಿ ದಾಸರ ಪದ! ಧರ್ಮಪ್ರಚಾರಕ್ಕೆಂದೇ ಅವರು ಬಂದವರು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಹಾಗಿದ್ದರೂ ಈ ನೆಲದ ಮಾತಿಗೆ ಕಿವಿಗೊಟ್ಟರು. ಮುಂದೆ ಇದೇ ಮೊಗ್ಲಿಂಗ್ 'ಬಿಬ್ಲಿಯಾಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲೇ ತಂದರು. ಗದಗಿನ ಪ್ರೆಸ್ಸಿನಲ್ಲಿ ನಮ್ಮಪ್ಪ ಪುರಾಣದ ಷಟ್ಪದಿಗೆ ಮೊಳೆ ಜೋಡಿಸುವುದಕ್ಕೆ ನೂರು ವರ್ಷಕ್ಕೂ ಮೊದಲೇ ಆ ಕಾವ್ಯಗಳು ಇಲ್ಲಿ ಕಾಗದಕ್ಕೆ ಇಳಿದಿದ್ದವು.

ಸರಕಾರದ ನಿರೂಪಗಳ ಭಾಗದಲ್ಲಿ ನನ್ನ ಕಣ್ಣು ಬಹಳ ಹೊತ್ತು ನಿಂತಿತು. 1843ರ ಏಪ್ರಿಲ್‌ನಲ್ಲಿಯೇ ಕಂಪನಿ ಸರಕಾರ ಐದನೇ ಕಾಯ್ದೆ ಮಾಡಿತ್ತು. ಮನುಷ್ಯರ ಮೇಲೆ ಒಡೆತನ ಹೇಳಿಕೊಂಡು ಬಂದರೆ ಇನ್ನು ಮುಂದೆ ಕೋರ್ಟು ಅದನ್ನು ಒಪ್ಪುವುದಿಲ್ಲ ಎಂಬ ಕಾಯ್ದೆ ಅದು. ಹೊಲದ ಜೊತೆಗೆ ಆಳುಗಳನ್ನೂ ಅಡವಿಡುತ್ತಿದ್ದ ಈ ಕರಾವಳಿಯ ಕನ್ನಡ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿದ್ದೀತು? ಕಾಯ್ದೆ ಇರುವುದು ಇಂಗ್ಲಿಷಿನಲ್ಲಿ, ಕಚೇರಿಯಲ್ಲಿ. ಅದು ಊರವರ ಭಾಷೆಯಲ್ಲಿ ಊರವರ ಕೈಗೆ ಬರದಿದ್ದರೆ ಕಾಯ್ದೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂದು ದುಡ್ಡಿನ ಪತ್ರಿಕೆಗೆ ಸರಕಾರಿ ನಿರೂಪ ಯಾಕೆ ಬೇಕಾಗಿತ್ತು ಎಂಬುದು ಇದರಿಂದ ನನಗೆ ತಿಳಿಯಿತು.

ಸಂಜೆ ಗೆಳತಿಯ ಮನೆಗೆ ಹೋದೆ. ಅವಳು ಚಿತ್ರಕಲೆ ಕಲಿಸುವವಳು. ಅವಳ ಹಿಂದಿನ ಕೋಣೆಯಲ್ಲಿ ಒಂದು ಕಲ್ಲಚ್ಚಿನ ಕಲ್ಲು ಇದೆ. ಸುಣ್ಣದ ಕಲ್ಲು, ಕೆನೆಯ ಬಣ್ಣ, ನಾಲ್ಕು ಬೆರಳು ದಪ್ಪ, ಇಬ್ಬರು ಸೇರಿ ಎತ್ತಬೇಕು. ಈ ಜಾತಿಯ ಕಲ್ಲಿಗೆ ಜರ್ಮನಿಯ ಬವೇರಿಯಾ ಹೆಸರಾದದ್ದು. 1790ರ ದಶಕದ ಕೊನೆಯಲ್ಲಿ ಅಲ್ಲಿಯ ಸೆನೆಫೆಲ್ಡರ್ ಎಂಬವನು ಈ ವಿದ್ಯೆ ಕಂಡುಹಿಡಿದ.

"ನೀನೇ ಬರೆ, ಒಂದು ಸಲ ಮಾಡಿ ನೋಡದೆ ನಿನಗೆ ಇದು ಗೊತ್ತಾಗುದಿಲ್ಲ ಮಾರಾಯ್ತಿ," ಎಂದಳು.

ಅಂಟು ಸವರಿದ ಕಾಗದದ ಮೇಲೆ ಜಿಡ್ಡಿನ ಮಸಿಯಲ್ಲಿ 'ಸಮಾಚಾರ' ಎಂದು ಬರೆದೆ. ಆ ಮಸಿಯಲ್ಲಿ ಮೇಣ, ಸಾಬೂನು, ಕೊಬ್ಬು, ಕಾಡಿಗೆ ಇರುತ್ತವೆ. ನೇರವಾಗಿ ಕಲ್ಲಿನ ಮೇಲೆ ಬರೆಯುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕು. ಕಾಗದದ ಮೇಲೆ ಬರೆದರೆ ಆ ಕಷ್ಟವಿಲ್ಲ. ಅದನ್ನು ಬೋರಲು ಹಾಕಿ ಒತ್ತಿದರೆ ಬರಹ ಕಲ್ಲಿಗೆ ಇಳಿಯುತ್ತದೆ. ಆಮೇಲೆ ಗೆಳತಿ ಗೋಂದಿನ ನೀರಿಗೆ ಒಂದು ಹನಿ ಆಸಿಡ್ ಬೆರೆಸಿ ಮೇಲೆ ಹರಡಿದಳು. ಸ್ವಲ್ಪ ಹೊತ್ತು ಬಿಟ್ಟು ತೊಳೆದಳು. ಟರ್ಪೆಂಟೈನ್ ಹಾಕಿ ಒರೆಸಿದಾಗ ನನ್ನ ಅಕ್ಷರಗಳು ಪೂರ್ತಿ ಮಾಯವಾದವು. ನನಗೆ ಜೀವ ಹಾರಿದ ಹಾಗಾಯಿತು.

"ಇದೆ, ಇದೆ, ಹೆದರಬೇಡ," ಎಂದು ಒದ್ದೆ ಸ್ಪಂಜು ಆಡಿಸಿ ಅದರ ಮೇಲೆ ಮಸಿಯ ರೋಲರ್ ಹೊರಳಿಸಿದಳು. ಕಲ್ಲು ನೀರು ಕುಡಿದಲ್ಲಿ ಮಸಿ ಹತ್ತಲಿಲ್ಲ. ಜಿಡ್ಡು ಇಳಿದಲ್ಲಿ ಮಾತ್ರ ಹತ್ತಿತು. ನೋಡನೋಡುತ್ತಿದ್ದಂತೆ ಖಾಲಿ ಕಲ್ಲಿನೊಳಗಿಂದ 'ಸ' ಎದ್ದು ಬಂತು, 'ಮಾ' ಬಂತು, 'ಚಾ' ಬಂತು, 'ರ' ಬಂತು, ಎಲ್ಲವೂ ತಿರುಗುಮುರುಗು. ಮೇಲೆ ಕಾಗದ ಹಾಸಿ ಯಂತ್ರದ ಕೆಳಗೆ ಒಮ್ಮೆ ಎಳೆದು ಬಿಡಿಸಿದಾಗ ಅವು ನೆಟ್ಟಗಾದವು. ಪ್ರತಿ ಪ್ರತಿಗೂ ಮತ್ತೆ ನೀರು, ಮತ್ತೆ ಮಸಿ, ಮತ್ತೆ ಎಳೆತ. ನಾವು ಆರು ಪ್ರತಿ ತೆಗೆಯುವ ಹೊತ್ತಿಗೆ ನನ್ನ ರಟ್ಟೆ ಸೋತಿತ್ತು. ಮಳೆಯ ಥಂಡಿಗೆ ಕಾಗದ ಮೆತ್ತಗಾಗಿ ಎರಡು ಪ್ರತಿ ಸುಕ್ಕಾದವು. 'ಮಂಗಳೂರು ಸಮಾಚಾರ'ದ ಮೊದಲ ಏಳೆಂಟು ಸಂಚಿಕೆ ಅಚ್ಚಾದದ್ದು ಇಂಥದೇ ಮಳೆಗಾಲದಲ್ಲಿ.

ಕಲ್ಲಚ್ಚಿಗೆ ಒಂದು ದೊಡ್ಡ ಅನುಕೂಲವಿದೆ. ಕನ್ನಡದ ಒತ್ತಕ್ಷರ, ಗುಣಿತ, ಕೊಂಬು, ಕೊಡತಿ ಯಾವುದಕ್ಕೂ ಅದು ಅಂಜುವುದಿಲ್ಲ. ಕೈ ಬರೆಯಬಲ್ಲದ್ದನ್ನೆಲ್ಲ ಕಲ್ಲು ಅಚ್ಚು ಹಾಕುತ್ತದೆ. ಸೀಸದಲ್ಲಾದರೆ ಒಂದೊಂದಕ್ಕೂ ಒಂದೊಂದು ಮೊಳೆ ಕೆತ್ತಿ, ಎರಕ ಹೊಯ್ಯಬೇಕು. ಆದರೆ ಕಲ್ಲಿನ ಪತ್ರಿಕೆಯನ್ನು ಯಾರಾದರೂ ಪ್ರತಿ ಪಕ್ಷವೂ ನಾಲ್ಕು ಪುಟ ಸಣ್ಣಕ್ಷರದಲ್ಲಿ ತಪ್ಪಿಲ್ಲದೆ ಬರೆದೇ ತೀರಬೇಕು. ಬೆಳಿಗ್ಗೆ ಕಂಡ ಪುಟಗಳಲ್ಲಿ ಕೆಲವು ಸಾಲು ಕೊನೆಗೆ ಬರುತ್ತ ಇಕ್ಕಟ್ಟಾಗಿದ್ದವು. ಸಾಲಿನೊಳಗೆ ಪದ ಹಿಡಿಸಲು ಕೈ ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಿತ್ತು. ಸಂಪಾದಕರ ಹೆಸರನ್ನು ನಾವು ಪ್ರತಿ ಜುಲೈಯಲ್ಲಿ ನೆನೆಯುತ್ತೇವೆ. ಆ ಇಕ್ಕಟ್ಟಿನ ಸಾಲು ಬರೆದ ಕೈಯ ಹೆಸರು ನಮ್ಮ ಬಾಯಲ್ಲಿ ಇಲ್ಲ. ಅಪ್ಪ ಜೋಡಿಸಿದ ಸಾವಿರಾರು ಪುಟಗಳ ಕೊನೆಯಲ್ಲೂ ಪ್ರೆಸ್ಸಿನ ಹೆಸರಿದೆ, ಮಾಲಕರ ಹೆಸರಿದೆ, ಅಪ್ಪನ ಹೆಸರಿಲ್ಲ. ರಾತ್ರಿ ಮಲಗಿದಾಗ ಇವೆರಡೂ ಒಟ್ಟಿಗೆ ನೆನಪಾದವು.

ಜುಲೈ 2, ಚಾರ್ಮಾಡಿ ಮೇಲಿಂದ ಚಿತ್ರದುರ್ಗ

ದಿನವಿಡೀ ಬಸ್ಸು. ಬಂಟ್ವಾಳ, ಉಜಿರೆ ದಾಟಿ ಚಾರ್ಮಾಡಿ ಹತ್ತುವಾಗ ಎದುರಿನ ಹತ್ತು ಮಾರು ಬಿಟ್ಟರೆ ಮತ್ತೇನೂ ಕಾಣದಷ್ಟು ಮಂಜು. ಪ್ರತಿ ತಿರುವಿನಲ್ಲೂ ಬಂಡೆಯ ಮೇಲಿಂದ ನೀರು ರಸ್ತೆಗೆ ಧುಮುಕುತ್ತಿತ್ತು. ಕೊಟ್ಟಿಗೆಹಾರದಲ್ಲಿ ಇಳಿದು ಬಿಸಿ ಕಾಫಿ ಕುಡಿದೆ. ಅಲ್ಲಿಂದ ಚಿಕ್ಕಮಗಳೂರು, ಕಡೂರು, ಬಸ್ಸು ಬದಲಿಸಿ ಮುಂದೆ. ಕಡೂರು ದಾಟಿದ್ದೇ ತೆಂಗಿನ ತೋಟ ವಿರಳವಾಗಿ ಆಕಾಶ ಅಗಲವಾಯಿತು.

1844ರಲ್ಲಿ ಈ ದಾರಿ ಎಷ್ಟು ಸರಕಾರ ದಾಟುತ್ತಿತ್ತು ಎಂದು ಲೆಕ್ಕ ಹಾಕುತ್ತ ಕೂತೆ. ಮಂಗಳೂರು ಮದರಾಸು ಪ್ರಾಂತ್ಯದ ಕನ್ನಡ ಜಿಲ್ಲೆ. ಘಟ್ಟದ ನೆತ್ತಿಯಿಂದ ಚಿತ್ರದುರ್ಗದ ತನಕ ಮೈಸೂರು ಸೀಮೆ. ಅಲ್ಲಿ ಅರಸರು ಇದ್ದರೂ ಆಡಳಿತ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿ. ಮುಂದೆ ಬಳ್ಳಾರಿ ಮತ್ತೆ ಮದರಾಸು ಪ್ರಾಂತ್ಯ. ಅಲ್ಲಿಂದ ತುಂಗಭದ್ರೆ ದಾಟಿದರೆ ಕೊಪ್ಪಳ ನಿಜಾಮರದ್ದು. ಅದರಾಚೆ ನಮ್ಮ ಗದಗು, ಧಾರವಾಡ ಬೊಂಬಾಯಿ ಪ್ರಾಂತ್ಯದ್ದು, ಮರಾಠಿಯ ಮೇಲುಗೈ ಇದ್ದ ಕಡೆ. ನಾಲ್ಕು ಯಜಮಾನರು, ಕಚೇರಿಗೊಂದು ಭಾಷೆ. 'ಕನ್ನಡ ಜಿಲ್ಲೆ' ಎಂದು ಕಾಗದದಲ್ಲಿ ಇದ್ದದ್ದು ಕರಾವಳಿಗೆ ಮಾತ್ರ. ಮಿಕ್ಕ ನಾಡಿಗೆಲ್ಲ ಸೇರಿಸಿ ಕರೆಯುವ ಒಂದು ಹೆಸರು ಯಾವ ಸರಕಾರದ ದಫ್ತರದಲ್ಲೂ ಇರಲಿಲ್ಲ. ಹಾಗಿರುವಾಗ ಒಂದು ಪುಟ್ಟ ಪತ್ರಿಕೆ ತನ್ನನ್ನು 'ಕನ್ನಡ ಸಮಾಚಾರ' ಎಂದು ಕರೆದುಕೊಂಡಿತು. ಏಕೀಕರಣದ ಮಾತು ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲು, ಓದುವವರೆಲ್ಲ ಒಂದೇ ಊರಿನವರು ಎಂಬ ಹಾಗೆ. ಹೆಸರಿಟ್ಟವರು ಇಷ್ಟು ದೂರ ಯೋಚಿಸಿರಲಿಕ್ಕಿಲ್ಲ. ಎಲ್ಲ ಕನ್ನಡದವರಿಗೆ ತಲುಪಲಿ ಎಂಬ ಸರಳ ಆಸೆಯೇ ಇದ್ದೀತು. ಆದರೆ ಆ ಸರಳ ಆಸೆ ನನಗೆ ದೊಡ್ಡದಾಗಿ ಕಾಣುತ್ತದೆ.

ತಲುಪಿಸುವುದೂ ಸುಲಭವಿರಲಿಲ್ಲ. ಆಗಿನ್ನೂ ಅಂಚೆ ಚೀಟಿ ಇಲ್ಲ. ಕಾಗದದ ತೂಕ ನೋಡಿ, ಹೋಗಬೇಕಾದ ಊರಿನ ದೂರ ನೋಡಿ ಅಂಚೆಯ ಹಣ ತೆಗೆದುಕೊಳ್ಳುತ್ತಿದ್ದರು. ದೇಶಕ್ಕೆಲ್ಲ ಅರ್ಧ ಆಣೆಯ ಒಂದೇ ದರ ಬಂದದ್ದು 1854ರಲ್ಲಿ. ಒಂದು ದುಡ್ಡಿನ ಪತ್ರಿಕೆಯನ್ನು ದೂರದೂರಿಗೆ ಕಳಿಸಿದರೆ ಪತ್ರಿಕೆಗಿಂತ ಅಂಚೆಯೇ ಭಾರವಾಗುವ ಕಾಲ ಅದು. ಕರಾವಳಿಯ ಮೂಲೆಯಲ್ಲಿ ಕೂತು ಬಯಲುಸೀಮೆಗೆ ಸುದ್ದಿ ಕಳಿಸುವುದಕ್ಕಿಂತ ಬಯಲುಸೀಮೆಗೇ ಹೋಗಿ ಅಚ್ಚು ಹಾಕುವುದು ಯಾಕೆ ಒಳ್ಳೆಯದೆನ್ನಿಸಿತು ಎಂಬುದು ಈ ರಸ್ತೆಯಲ್ಲಿ ಹತ್ತು ತಾಸು ಕೂತವರಿಗೆ ಮನಸ್ಸಿಗೆ ಹತ್ತುತ್ತದೆ.

ಚಿತ್ರದುರ್ಗ ಸೇರಿದಾಗ ಕತ್ತಲಾಗಿತ್ತು. ಜೋಳದ ರೊಟ್ಟಿ ಸಿಕ್ಕಿತು, ನಿದ್ದೆ ಬಂತು.

ಜುಲೈ 3, ಬಳ್ಳಾರಿ

ಚಳ್ಳಕೆರೆ, ರಾಂಪುರ ಹಾದು ಬಳ್ಳಾರಿ. ಎರಡು ದಿನದ ಹಿಂದೆ ಕೊಡೆ ಹಿಡಿದವಳು ಇಲ್ಲಿ ಬಿಸಿಲಿಗೆ ಸೆರಗು ಹೊದ್ದುಕೊಂಡೆ. ಬಂಡೆಯ ಮೇಲೆ ಬಂಡೆ ಒಟ್ಟಿದಂಥ ಗುಡ್ಡ, ಅದರ ಮೇಲೆ ಕೋಟೆ, ಸುತ್ತ ಊರು. ಕೆಂಪು ಮುರಕಲ್ಲಿನ ಮಂಗಳೂರಿನಲ್ಲಿ ಕಲ್ಲಚ್ಚು ಇತ್ತು, ಇಷ್ಟೊಂದು ಬಂಡೆಯ ಬಳ್ಳಾರಿಯಲ್ಲಿ ಸೀಸದಚ್ಚು ಇತ್ತು.

ಇಲ್ಲಿಯ ಅಚ್ಚಿನ ಕಥೆ ಮಂಗಳೂರಿಗಿಂತ ಹಳೆಯದು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ದಂಡಿನ ಊರು, ಸುತ್ತ ಕನ್ನಡವೂ ತೆಲುಗೂ ಬೆರೆತ ಸೀಮೆ. ಬೈಬಲನ್ನು ಕನ್ನಡಕ್ಕೆ ತರುತ್ತಲೇ ಅದನ್ನು ಅಚ್ಚು ಹಾಕುವ ಏರ್ಪಾಟೂ ಇಲ್ಲಿ ಬೆಳೆಯಿತು. 1830ರ ದಶಕದ ಆರಂಭಕ್ಕೆ ಇಡೀ ಕನ್ನಡ ಬೈಬಲ್ ಬಳ್ಳಾರಿಯಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು ಕನ್ನಡದ ಮೊಳೆ ಕಂಡದ್ದು ದೂರದ ಬಂಗಾಳದ ಸೀರಾಂಪುರದಲ್ಲಿ, 1817ರ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣದಲ್ಲಿ. ನಮ್ಮ ಅಕ್ಷರ ಸೀಸವಾದದ್ದು ನಮ್ಮ ನಾಡಿನಿಂದ ಅಷ್ಟು ದೂರ ಎಂದು ಅಪ್ಪನಿಗೆ ಒಮ್ಮೆ ಹೇಳಿದಾಗ ಅವರು ನಂಬಿರಲಿಲ್ಲ.

'ಮಂಗಳೂರು ಸಮಾಚಾರ'ದ ಕೊನೆಯ ಸಂಚಿಕೆ 1844ರ ಫೆಬ್ರವರಿ 15ರದು. ಪಕ್ಷಕ್ಕೊಂದರಂತೆ ಎಣಿಸಿದರೆ ಒಟ್ಟು ಹದಿನಾರು. ಆಮೇಲೆ ಬಳ್ಳಾರಿಯ ಮೊಳೆಗಳಲ್ಲಿ 'ಕನ್ನಡ ಸಮಾಚಾರ'. ಅದೂ ಬಹುಕಾಲ ಬಾಳಲಿಲ್ಲ. ಆದರೆ ಕೈಬರಹದ ಸುದ್ದಿ ಮೊಳೆಯ ಸುದ್ದಿಯಾದದ್ದು ಈ ಊರಿನಲ್ಲಿ. ಊರು ನೋಡುವುದಕ್ಕೆ ಅಷ್ಟು ಕಾರಣ ನನಗೆ ಸಾಕಾಗಿತ್ತು.

ಕೋಟೆಯ ಕೆಳಗೆ ನಡೆದೆ. 1846ರಲ್ಲಿ ಲಂಡನ್ ಮಿಶನ್ನಿನವರು ಶುರು ಮಾಡಿದ ವಾರ್ಡ್ಲಾ ಶಾಲೆಯ ಗೇಟಿನ ಹತ್ತಿರ ನಿಂತೆ. ಬಿಡುವಿನ ಗಂಟೆ ಹೊಡೆದು ಹುಡುಗರು ಹೋ ಎಂದು ಹೊರಬಂದರು. ಹಳೆಯ ಅಚ್ಚುಕೂಟ ಎಲ್ಲಿತ್ತು ಎಂದು ಅಲ್ಲಲ್ಲಿ ಕೇಳಿದೆ. ಪ್ರತಿಯೊಬ್ಬರೂ ನನ್ನನ್ನು ಈಗಿನ ಯಾವುದಾದರೊಂದು ಪ್ರಿಂಟಿಂಗ್ ಪ್ರೆಸ್ಸಿಗೆ ಕಳಿಸಿದರು. ಹಾಗೆ ಹೋದ ಮೂರನೆಯ ಪ್ರೆಸ್ಸಿನಲ್ಲಿ ನನಗೆ ಬೇಕಾದದ್ದು ಸಿಕ್ಕಿತು.

ಮುಂದೆ ಫ್ಲೆಕ್ಸು, ಒಳಗೆ ಆಫ್‌ಸೆಟ್, ಅದರ ಹಿಂದೆ ಕತ್ತಲ ಕೋಣೆ. ಮಾಲಕರಿಗೆ ಅರವತ್ತರ ಮೇಲೆ ವಯಸ್ಸು. ಅಪ್ಪನ ಕಸುಬು ಹೇಳಿದ್ದೇ ಅವರು ಕುರ್ಚಿ ಎಳೆದು ಕೂರಿಸಿದರು.

"ಎಲ್ಲಾ ತೂಕಕ್ಕೆ ಹಾಕಿಬಿಟ್ವಿ ಅಕ್ಕಾ. ಕ್ವಿಂಟಾಲ್‌ಗಟ್ಟಲೆ ಸೀಸ. ನಮ್ಮ ತಂದೆ ಇದ್ದಿದ್ರೆ ಬಿಡ್ತಿರಲಿಲ್ಲ," ಎಂದು ಸ್ವಲ್ಪ ತಡೆದು, "ಒಂದು ಕೇಸು ಉಳಿಸಿದೀನಿ," ಎಂದರು.

ಧೂಳು ಕೊಡವಿ ಕೇಸು ಹೊರಗೆಳೆದರು. ಸಣ್ಣ ಸಣ್ಣ ಖಾನೆಗಳು. ಒಂದರಲ್ಲಿ ಬರೀ 'ಕ', ಒಂದರಲ್ಲಿ 'ಕಾ', ಒಂದರಲ್ಲಿ ನ ಒತ್ತು, ಒಂದರಲ್ಲಿ ಅರ್ಕಾವತ್ತು. ಕನ್ನಡದ ಕಂಪೋಸಿಟರ್ ಒಂದೇ ಕೇಸಿನ ಮುಂದೆ ನಿಂತು ಕೆಲಸ ಮಾಡಲಾರ. ಮೂರು ನಾಲ್ಕು ಕೇಸಿಗೆ ಕೈ ಚಾಚುತ್ತ, ಕಣ್ಣು ಪ್ರತಿಯ ಮೇಲಿಟ್ಟು, ಬೆರಳಿಗೇ ಖಾನೆಯ ಗುರುತು ಕಲಿಸಬೇಕು. ನಾನು ಒಂದು 'ನ' ಎತ್ತಿ ಬೆಳಕಿಗೆ ಹಿಡಿದೆ. ಮುಖದ ಮೇಲೆ ಒಣಗಿದ ಮಸಿ, ಮೈಯಲ್ಲಿ ಗುರುತಿನ ಗೀರು. ಕಂಪೋಸಿಟರ್ ಅಕ್ಷರ ನೋಡುವುದಿಲ್ಲ, ಹೆಬ್ಬೆಟ್ಟಿನಲ್ಲಿ ಆ ಗೀರು ಹುಡುಕಿ ಮೊಳೆ ನೆಟ್ಟಗೆ ಇದೆಯೋ ತಿರುಗಿದೆಯೋ ತಿಳಿಯುತ್ತಾನೆ. ಅಪ್ಪ ಇಂದಿಗೂ ಹೊತ್ತು ಕಳೆಯುವಾಗ ಖಾಲಿ ಹೆಬ್ಬೆಟ್ಟನ್ನು ತೋರುಬೆರಳಿನ ಮೇಲೆ ಉಜ್ಜುತ್ತಿರುತ್ತಾರೆ.

ಕಲ್ಲಿನಲ್ಲಿ ಮೊನ್ನೆ ಬರೆದದ್ದನ್ನು ಉಜ್ಜಿ ತೆಗೆದರೆ ಆ ಬರಹ ಮುಗಿಯಿತು. ಸೀಸದ ಪುಟ ಅಚ್ಚಾದ ಮೇಲೆ ಮೊಳೆಗಳು ಬಿಚ್ಚಿ ತಮ್ಮ ತಮ್ಮ ಖಾನೆಗೆ ಮರಳುತ್ತವೆ. ಇವತ್ತು ಮಳೆಯ ಸುದ್ದಿಯಲ್ಲಿದ್ದ 'ಮ' ನಾಳೆ ಮರಣದ ಸುದ್ದಿಗೆ ಬರುತ್ತದೆ. ಪಕ್ಷಕ್ಕೆ ಪಕ್ಷಕ್ಕೆ ಬರಲೇಬೇಕಾದ ಪತ್ರಿಕೆಗೆ ಇದು ಎಷ್ಟು ದೊಡ್ಡ ಆಸರೆ ಎಂಬುದು ಕೇಸಿನ ಮುಂದೆ ಕೂತಾಗ ಕಂಡಿತು. ಜೊತೆಗೆ, ಮಂಗಳೂರಿನ ಒಬ್ಬರ ಕೈಬರಹಕ್ಕೆ ಅಲ್ಲಿಯ ವಾಸನೆ ಇರುತ್ತದೆ; ಮೊಳೆಯ ಅಕ್ಷರಕ್ಕೆ ಊರಿಲ್ಲ. ಬಳ್ಳಾರಿಯವರಿಗೂ ಧಾರವಾಡದವರಿಗೂ ಮೈಸೂರಿನವರಿಗೂ ಅದು ಒಂದೇ ರೀತಿ ಕಾಣುತ್ತದೆ. ಪತ್ರಿಕೆಯ ಹೆಸರಿನಿಂದ ಊರು ಹೋದದ್ದೂ ಅಕ್ಷರದಿಂದ ಕೈ ಹೋದದ್ದೂ ಒಂದೇ ಹೊತ್ತಿನಲ್ಲಿ ಆಯಿತು. ಅದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ನನಗೆ ಎರಡೂ ಬೇಕು.

ಹೊರಡುವಾಗ ಅವರು ನಾಲ್ಕು ಮೊಳೆ ಆರಿಸಿ ಕಾಗದದಲ್ಲಿ ಸುತ್ತಿ ಕೈಗಿಟ್ಟರು: 'ಕ', 'ನ', ನ ಒತ್ತು, 'ಡ'. ರೊಕ್ಕ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ನಿಮ್ಮ ತಂದೆಯವರಿಗೆ ಕೊಡ್ರಿ. ಬಳ್ಳಾರಿಯಿಂದ ಅಂತ ಹೇಳ್ರಿ."

ಜುಲೈ 4, ಗದಗು

ಬಳ್ಳಾರಿಯಿಂದ ಬೆಳಗಿನ ರೈಲು. ಹೊಸಪೇಟೆ ದಾಟಿ ತುಂಗಭದ್ರೆಯ ಸೇತುವೆಯ ಮೇಲೆ ಗಾಡಿ ನಿಧಾನವಾಯಿತು. ಈ ದಡ ಮದರಾಸು, ಆ ದಡ ನಿಜಾಮ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಎದುರು ಕೂತ ಮುದುಕಿ ಚೀಲದಿಂದ ಚುರುಮುರಿ ತೆಗೆದು "ತಗೋಳವ್ವಾ" ಎಂದು ನನ್ನ ಕೈಗೂ ಹಾಕಿದಳು. ಕೊಪ್ಪಳ, ಭಾನಾಪುರ, ಮಧ್ಯಾಹ್ನಕ್ಕೆ ಗದಗು.

ಅಪ್ಪ ಪಡಸಾಲೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಮೊದಲು ಗೆಳತಿಯ ಮನೆಯಲ್ಲಿ ತೆಗೆದ ಕಲ್ಲಚ್ಚಿನ ಪ್ರತಿ ಕೊಟ್ಟೆ. ಅವರು ಅಕ್ಷರ ನೋಡಲಿಲ್ಲ, ಕಾಗದ ತಿರುಗಿಸಿ ಹಿಂಬದಿಯ ಮೇಲೆ ಬೆರಳಾಡಿಸಿದರು. ಮೊಳೆಯಲ್ಲಿ ಅಚ್ಚಾದರೆ ಕಾಗದದ ಬೆನ್ನಿಗೆ ಒತ್ತು ಬಿದ್ದಿರುತ್ತದೆ, ಕತ್ತಲಲ್ಲೂ ಕೈಗೆ ಹತ್ತುತ್ತದೆ.

"ಇದಕ್ಕ ಮೊಳಿ ಬಡದಿಲ್ಲ," ಎಂದರು. "ಸಪಾಟ ಐತಿ. ಎದರಾಗ ಮಾಡ್ಯಾರ?"

"ಕಲ್ಲಿನ್ಯಾಗ, ಅಪ್ಪಾ."

ಅವರು ಭೂತಗನ್ನಡಿ ತರಿಸಿ 'ಸ'ದ ಸುತ್ತನ್ನು ಬಹಳ ಹೊತ್ತು ನೋಡಿದರು. ನೀರು, ಜಿಡ್ಡು, ಗೋಂದು ಎಲ್ಲ ಹೇಳಿದೆ. ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು: "ನಾಕು ಪುಟ ಯಾರು ಬರೀತಿದ್ದರು?" ಹೆಸರು ಗೊತ್ತಿಲ್ಲ ಎಂದೆ. "ಹೂಂ" ಎಂದರು.

ಆಮೇಲೆ ಬಳ್ಳಾರಿಯ ಪೊಟ್ಟಣ ಬಿಚ್ಚಿ ಅವರ ಅಂಗೈಗೆ ಮೊಳೆಗಳನ್ನು ಸುರಿದೆ. ಅಪ್ಪ ಎದ್ದು ಹೋಗಿ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಕಂಪೋಸಿಂಗ್ ಸ್ಟಿಕ್ಕು ತಂದರು. ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆ ಎತ್ತಿ, ಹೆಬ್ಬೆಟ್ಟಿನಿಂದ ಗೀರು ಹುಡುಕಿ ಕೂರಿಸಿದರು. ಕೈ ನಡುಗುತ್ತಿತ್ತು, ಬೆರಳು ತಪ್ಪಲಿಲ್ಲ. ನಾಲ್ಕೂ ಕೂತ ಮೇಲೆ ತಲೆಕೆಳಗಾದ ಸಾಲನ್ನು ತಡವರಿಸದೆ ಓದಿದರು.

"ಕನ್ನಡ."

ಸ್ಟಿಕ್ಕಿನಲ್ಲಿ ಇನ್ನೂ ಉದ್ದಕ್ಕೆ ಜಾಗ ಖಾಲಿ ಇತ್ತು. ಅಪ್ಪ ಆ ಖಾಲಿ ಜಾಗದ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡೇ ನನ್ನ ಮುಖ ನೋಡಿದರು.

"ಸಮಾಚಾರ ತರಲಿಲ್ಲೇನು?"

ನಾನು ಕಲ್ಲಚ್ಚಿನ ಕಾಗದವನ್ನು ಎತ್ತಿ ಸ್ಟಿಕ್ಕಿನ ಬಲಕ್ಕೆ ಮೇಜಿನ ಮೇಲೆ ಇಟ್ಟೆ. ಅಪ್ಪ ಅದನ್ನು ಒಂದು ಬೆರಳಿನಷ್ಟು ಕೆಳಗೆ ಜರುಗಿಸಿ, ಎರಡೂ ಪದದ ಬುಡ ಒಂದೇ ಸಾಲಿಗೆ ಬರುವ ಹಾಗೆ ಮಾಡಿದರು.